ಉಣ್ಣುವ ಬಾಯಿ, ಹಳಿಯುವ ಬಾಯಿ

ಮನುಷ್ಯರ ಚರಿತ್ರೆಯನ್ನೇ ಬದಲಿಸಿದ ಆವಿಷ್ಕಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮುದ್ರಣಯಂತ್ರ ಎನ್ನುತ್ತಿದ್ದೆ, ಪೆನಿಸಿಲಿನ್ ಎನ್ನುತ್ತಿದ್ದೆ, ಒಮ್ಮೊಮ್ಮೆ ವಿದ್ಯುತ್ತು ಎನ್ನುತ್ತಿದ್ದೆ. 1909ರ ಜುಲೈ ತಿಂಗಳಲ್ಲಿ ಜರ್ಮನಿಯ ಕಾರ್ಲ್ಸ್‌ರೂಹದ ಒಂದು ಪ್ರಯೋಗಾಲಯದಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಹನಿಹನಿಯಾಗಿ ಅಮೋನಿಯಾ ಇಳಿಸಿ ತೋರಿಸಿದ್ದು ಇವೆಲ್ಲಕ್ಕಿಂತ ಹೆಚ್ಚು ಜನರ ಬದುಕನ್ನು ಮುಟ್ಟಿದೆ ಎಂಬುದು ನನಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿತ್ತು. ಆದರೂ ಅದು ಬಾಯಿಗೆ ಬರುತ್ತಿರಲಿಲ್ಲ, ಅಥವಾ ಬಾರದಂತೆ ನಾನೇ ನೋಡಿಕೊಳ್ಳುತ್ತಿದ್ದೆ. ಆ ಅಮೋನಿಯಾದಿಂದಲೇ ಯೂರಿಯಾ ಆಗುವುದು. ಯೂರಿಯಾದ ವಿರುದ್ಧ ಬರೆದು, ಮಾತಾಡಿ, ಒಂದಷ್ಟು ಹೆಸರು ಮಾಡಿಕೊಂಡವನು ನಾನು.

ಮಂಡ್ಯ ಸೀಮೆಯ ನಾಲೆ ಬಯಲು ನನ್ನ ಹುಟ್ಟೂರು. ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆ. ನಾನು ಹುಡುಗನಾಗಿದ್ದಾಗ ಅಪ್ಪ ಜಯ ಭತ್ತ ಹಾಕುತ್ತಿದ್ದರು. ಅದಕ್ಕೆ ಮೊದಲು ನಮ್ಮ ಕಡೆ ಇದ್ದ ತಳಿಗಳು ಎತ್ತರ ಬೆಳೆಯುವಂಥವು. ಗೊಬ್ಬರ ಒಂದು ಹಿಡಿ ಜಾಸ್ತಿಯಾದರೆ ಹಾಲು ತುಂಬುವ ಹೊತ್ತಿಗೆ ಪೈರು ಮಲಗಿಬಿಡುತ್ತಿತ್ತು. 1968ರಲ್ಲಿ ಬಿಡುಗಡೆಯಾದ ಜಯ ಗಿಡ್ಡ ತಳಿ, ಕೊಟ್ಟದ್ದನ್ನೆಲ್ಲ ಉಂಡು ನಿಂತೇ ಇರುತ್ತಿತ್ತು. ನಾಟಿಯಾಗಿ ಮೂರು ವಾರಕ್ಕೆ ಮೇಲುಗೊಬ್ಬರ. ಅಪ್ಪ ಹಿಂದಿನ ದಿನವೇ ಗದ್ದೆಯ ನೀರು ಬಸಿದು, ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಎಡಗೈಯ ಕಂಕುಳಲ್ಲಿ ಮಂಕರಿ ಇರುಕಿಕೊಂಡು ಬದುವಿನಿಂದ ಬದುವಿಗೆ ಎರಚುತ್ತ ಹೋಗುತ್ತಿದ್ದರು. ಮಂಕರಿ ತುಂಬಿಕೊಡುವ ಕೆಲಸ ನನ್ನದು. ಬೆವರಿದ ಅಂಗೈಗೆ ಯೂರಿಯಾ ಹರಳು ಅಂಟಿ ಕರಗುವಾಗ ತಣ್ಣಗೆ ಕೊರೆಯುತ್ತದೆ. ಆ ಚಳಿ ಈಗಲೂ ಅಂಗೈಗೆ ನೆನಪಿದೆ. ನಾಲ್ಕೈದು ದಿನ ಕಳೆದರೆ ತಿಳಿಹಳದಿಯಾಗಿದ್ದ ಗರಿಗಳು ಕಡುಹಸಿರಿಗೆ ತಿರುಗುತ್ತಿದ್ದವು. ಮೈಸೂರಿನ ನನ್ನ ಹಾಸ್ಟೆಲ್ಲಿನ ದುಡ್ಡು, ಪುಸ್ತಕ, ಮೊದಲ ಜೊತೆ ಪ್ಯಾಂಟು ಎಲ್ಲ ಬಂದದ್ದು ಆ ಹಸಿರಿನಿಂದ. ಇದನ್ನು ನಾನು ಯಾವ ಲೇಖನದಲ್ಲೂ ಬರೆದಿಲ್ಲ. ಮರೆತು ಬರೆಯದೇ ಹೋದದ್ದಲ್ಲ. ಬರೆದಿದ್ದರೆ ಲೇಖನದ ಬಿಸಿ ಆರುತ್ತಿತ್ತು.

ಅಂದು ಹೇಬರ್ ಅವರ ಪ್ರಯೋಗಾಲಯದಲ್ಲಿ ನಿಜವಾಗಿ ಆದದ್ದೇನು ಎಂದು ಈಚೆಗೆ ಕೂತು ಮತ್ತೆ ಓದಿದೆ. ಓದುತ್ತಿದ್ದ ಹಾಗೆ ನನ್ನ ಹಳೆಯ ಮಾತುಗಳ ಬಗ್ಗೆ ಕಸಿವಿಸಿ ಹೆಚ್ಚಾಯಿತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ಅದು ದಕ್ಕುವುದಿಲ್ಲ. ಅದನ್ನು ಬಿಡಿಸಿ ಮಣ್ಣಿಗೆ ಸೇರಿಸುತ್ತಿದ್ದದ್ದು ಸಿಡಿಲು, ಮತ್ತೆ ಅವರೆ, ಹುರುಳಿ, ತೊಗರಿಯಂಥ ಬೆಳೆಗಳ ಬೇರಿನ ಗಂಟಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾ. ಅದಕ್ಕಿಂತ ಹೆಚ್ಚು ಬೇಕೆಂದಾಗ ಯುರೋಪಿನವರು ಪೆರುವಿನ ದ್ವೀಪಗಳಿಂದ ಹಕ್ಕಿಯ ಹಿಕ್ಕೆಯನ್ನೂ ಚಿಲಿಯ ಮರುಭೂಮಿಯಿಂದ ಪೆಟ್ಲುಪ್ಪನ್ನೂ ಹಡಗಿನಲ್ಲಿ ತರಿಸಿಕೊಂಡರು. 1898ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ಕ್ರುಕ್ಸ್ ಬ್ರಿಸ್ಟಲ್‌ನಲ್ಲಿ ಮಾಡಿದ ಭಾಷಣದಲ್ಲಿ, ಗಾಳಿಯ ಸಾರಜನಕವನ್ನು ಹಿಡಿಯುವ ದಾರಿಯನ್ನು ರಸಾಯನಶಾಸ್ತ್ರಜ್ಞರು ಹುಡುಕದಿದ್ದರೆ ಗೋಧಿ ಉಣ್ಣುವ ಜನಕ್ಕೆ ಮುಂದೆ ಅನ್ನದ ಕೊರತೆ ಬರುತ್ತದೆ ಎಂದು ಎಚ್ಚರಿಸಿದರು.

ಹೇಬರ್ ಮುಂದಿದ್ದ ತೊಡಕು ವಿಚಿತ್ರವಾದದ್ದು. ಬಿಸಿ ಮಾಡದಿದ್ದರೆ ಸಾರಜನಕ ಕದಲುವುದಿಲ್ಲ. ಬಿಸಿ ಹೆಚ್ಚಿದರೆ ಆದ ಅಮೋನಿಯಾ ಮತ್ತೆ ಒಡೆದುಹೋಗುತ್ತದೆ. ಅವರು ಒತ್ತಡವನ್ನು ವಾತಾವರಣದ ಒತ್ತಡಕ್ಕಿಂತ ಸುಮಾರು ಇನ್ನೂರು ಪಟ್ಟು ಏರಿಸಿದರು, ಆದಷ್ಟು ಅಮೋನಿಯಾವನ್ನು ತಣಿಸಿ ಹೊರತೆಗೆದು, ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತಿಸಿದರು. ಆ ಒತ್ತಡ ತಡೆಯುವ ಉಪಕರಣ ಕಟ್ಟಿದವರು ಅವರ ಜೊತೆಗಾರ ರಾಬರ್ಟ್ ಲ ರಾಸಿನ್ಯೋಲ್. ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವಾಗಿ ಹೇಬರ್ ಬಳಸಿದ ಆಸ್ಮಿಯಂ ಜಗತ್ತಿನಲ್ಲೇ ಅಪರೂಪದ ಲೋಹ. ಅದರ ಬದಲಿಗೆ ಅಗ್ಗದ ಕಬ್ಬಿಣವೇ ಸಾಕು, ಅದಕ್ಕೆ ಇಂತಿಂಥ ಬೆರಕೆ ಇರಬೇಕು ಎಂದು ಸಾವಿರಾರು ಸಲ ಪರೀಕ್ಷಿಸಿ ಕಂಡುಕೊಂಡವರು ಆಲ್ವಿನ್ ಮಿಟ್ಟಾಶ್ ಮತ್ತು ಅವರ ತಂಡ. ಇನ್ನು ಕಾರ್ಲ್ ಬಾಷ್. ಬಿಎಎಸ್‌ಎಫ್ ಕಂಪನಿಯಲ್ಲಿ ಅವರು ನಿಲ್ಲಿಸಿದ ಉಕ್ಕಿನ ಕೊಳವೆಗಳು ಕೆಲವೇ ದಿನಗಳಲ್ಲಿ ಸಿಡಿಯುತ್ತಿದ್ದವು. ಸೀಳಿ ನೋಡಿದರೆ, ಬಿಸಿ ಜಲಜನಕ ಉಕ್ಕಿನೊಳಕ್ಕೆ ನುಗ್ಗಿ ಅದರ ಇಂಗಾಲವನ್ನೇ ಕಿತ್ತುಕೊಂಡು ಟೊಳ್ಳು ಮಾಡಿತ್ತು. ಒಳಗೆ ಇಂಗಾಲವಿಲ್ಲದ ಮೆದು ಕಬ್ಬಿಣದ ಪದರ, ಹೊರಗೆ ಸಣ್ಣ ಸಣ್ಣ ತೂತು ಕೊರೆದ ಉಕ್ಕಿನ ಕವಚ. ನುಸುಳಿದ ಅನಿಲ ಆ ತೂತಿನಿಂದ ಹೊರಟುಹೋಗಲಿ ಎಂಬುದು ಬಾಷ್ ಕಂಡ ಉಪಾಯ. 1913ರಲ್ಲಿ ಓಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಇಷ್ಟು ಜನರ ದುಡಿಮೆಯಲ್ಲಿ ನಾನು ಎತ್ತಿಕೊಂಡದ್ದು ಒಂದೇ ಹೆಸರನ್ನು. ಹೇಬರ್ ಹೆಸರೇ ನನಗೆ ಬೇಕಾಗಿತ್ತು, ಯಾಕೆಂದರೆ ಅವರ ಬದುಕಿನಲ್ಲಿ ವಿಷಾನಿಲವಿತ್ತು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಸುಮಾರು 6,000 ಸಿಲಿಂಡರುಗಳಿಂದ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಯೋಜನೆ ಹೇಬರ್ ಅವರದು, ಅವರೇ ಎದುರು ನಿಂತು ನಡೆಸಿದ್ದು. ಅದಾದ ಹತ್ತು ದಿನಕ್ಕೆ ಅವರ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡು ತೀರಿಕೊಂಡರು. ಕ್ಲಾರಾ ಸ್ವತಃ ರಸಾಯನಶಾಸ್ತ್ರಜ್ಞೆ, 1900ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಸಾವಯವ ಕೃಷಿಯ ಸಭೆಗಳಲ್ಲಿ ನಾನು ಈ ಕಥೆ ಹೇಳುತ್ತಿದ್ದೆ. ಮೊದಲು ಗದ್ದೆಗೆ ಬಂದ ಯೂರಿಯಾ, ಆಮೇಲೆ ಹೇಬರ್, ಆಮೇಲೆ ಅನಿಲ, ಕೊನೆಗೆ ಕ್ಲಾರಾ. ಕ್ಲಾರಾ ಸತ್ತಳು ಎಂದು ಹೇಳಿ ಮಾತು ನಿಲ್ಲಿಸುತ್ತಿದ್ದೆ. ಸಭೆ ಸ್ತಬ್ಧವಾಗುತ್ತಿತ್ತು. ಆ ಸ್ತಬ್ಧತೆ ನನಗೆ ಬೇಕಾಗಿತ್ತು ಎಂದು ಈಗ ಒಪ್ಪಿಕೊಳ್ಳಲು ಕಷ್ಟವಾಗುತ್ತದೆ. ಆ ಹೆಣ್ಣುಮಗಳು ಯಾಕೆ ಹಾಗೆ ಮಾಡಿಕೊಂಡರು ಎಂಬುದಕ್ಕೆ ಅವರದೇ ಕೈಬರಹದ ಒಂದು ಸಾಲೂ ಉಳಿದಿಲ್ಲ. ಮುರಿದುಬಿದ್ದ ದಾಂಪತ್ಯ, ಕೈಬಿಟ್ಟುಹೋದ ಸಂಶೋಧನೆ, ಗಂಡನ ಯುದ್ಧದ ಕೆಲಸ ಎಲ್ಲವೂ ಸೇರಿರಬಹುದು. ನಾನು ಮಾತ್ರ ಅದನ್ನು ಒಂದು ಗೊಬ್ಬರದ ಚೀಲದ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದೆ.

ಕ್ಲೋರಿನ್ ಅನಿಲಕ್ಕೂ ಅಮೋನಿಯಾಕ್ಕೂ ಸಂಬಂಧವೇ ಇಲ್ಲ. ಕ್ಲೋರಿನ್ ಜರ್ಮನಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಮೊದಲೇ ಇದ್ದ ಸರಕು. ಅದೇ ಕ್ಲೋರಿನ್ ಹಾಕಿ ಶುದ್ಧ ಮಾಡಿದ ಕಾವೇರಿ ನೀರನ್ನು ನಾನು ಬೆಂಗಳೂರಿನಲ್ಲಿ ದಿನವೂ ಕುಡಿಯುತ್ತೇನೆ, ಅದರ ಚರಿತ್ರೆ ನೆನೆದು ಲೋಟ ಕೆಳಗಿಟ್ಟವನಲ್ಲ. ಯುದ್ಧಕ್ಕೂ ಅಮೋನಿಯಾಕ್ಕೂ ನಿಜವಾದ ನಂಟು ಇದ್ದದ್ದು ಬೇರೆ ಕಡೆ. ಬ್ರಿಟಿಷ್ ನೌಕಾಪಡೆ ಸಮುದ್ರ ದಾರಿ ತಡೆದಾಗ ಚಿಲಿಯ ಪೆಟ್ಲುಪ್ಪು ಜರ್ಮನಿಗೆ ಬರುವುದು ನಿಂತಿತು. ಬಾಷ್ ಕಾರ್ಖಾನೆಯ ಅಮೋನಿಯಾವನ್ನು ನೈಟ್ರಿಕ್ ಆಮ್ಲವಾಗಿಸಿ ಸಿಡಿಮದ್ದು ಮಾಡಿದರು. ಅದಿಲ್ಲದಿದ್ದರೆ ಜರ್ಮನಿಗೆ ಅಷ್ಟು ವರ್ಷ ಕಾದಾಡುವುದು ಕಷ್ಟವಿತ್ತು. ಇದನ್ನು ಹೇಳಿದ್ದರೆ ನ್ಯಾಯವಾಗಿರುತ್ತಿತ್ತು. ಆದರೆ ಇದನ್ನು ವಿವರಿಸಲು ಹೊತ್ತು ಬೇಕು, ಕೇಳಿದವರಿಗೆ ಮೈ ಜುಂ ಎನ್ನುವುದಿಲ್ಲ. ಹಾಗಾಗಿ ನಾನು ಸುಲಭದ ಕಥೆ ಆರಿಸಿಕೊಂಡೆ. ಕಂಡುಹಿಡಿದವನು ಕೆಟ್ಟವನಾದರೆ ಕಂಡುಹಿಡಿದದ್ದೂ ಕೆಟ್ಟದ್ದು ಎಂದು ಜನ ತಾವಾಗಿಯೇ ಸೇರಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟೆ. ಸುಳ್ಳು ಹೇಳಲಿಲ್ಲ, ಆದರೆ ಸುಳ್ಳಿಗೆ ಜಾಗ ಬಿಟ್ಟೆ.

ಹಾಗೆಂದು ಹೇಬರ್ ಅವರನ್ನು ಅನ್ನದಾತ ಎಂದು ಹೊಗಳಲು ಹೊರಟರೂ ಮನಸ್ಸು ಒಪ್ಪುವುದಿಲ್ಲ. 1918ರ ನೊಬೆಲ್ ಬಹುಮಾನ ಅವರಿಗೆ ಸಂದಾಗ ವಿಷಾನಿಲದ ನೆನಪು ಹಸಿಯಾಗಿತ್ತು, ಹಲವರು ಪ್ರತಿಭಟಿಸಿದರು. ಯಹೂದಿಯಾಗಿ ಹುಟ್ಟಿ ಕ್ರೈಸ್ತರಾಗಿ, ಜರ್ಮನಿಗಾಗಿ ಅಷ್ಟೆಲ್ಲ ಮಾಡಿದ ಆ ಮನುಷ್ಯ 1933ರಲ್ಲಿ ಅದೇ ಜರ್ಮನಿ ಬಿಟ್ಟು ಹೊರಡಬೇಕಾಯಿತು. ಮರುವರ್ಷ ಜನವರಿಯಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡರು. ನನಗೆ ಅವರ ಬಗ್ಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಸಭೆಯಲ್ಲಿ ಮಾತಾಡುವುದು ಕಷ್ಟ, ಅದಕ್ಕೇ ಒಂದನ್ನು ಬಿಟ್ಟೆನೇನೋ.

1900ರಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 160 ಕೋಟಿ. ಈಗ 800 ಕೋಟಿ ದಾಟಿದೆ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟ ಹೇಬರ್-ಬಾಷ್ ವಿಧಾನದ ಸಾರಜನಕದ ಮೇಲೆ ನಿಂತಿದೆ ಎಂದು ವಾಕ್ಲಾವ್ ಸ್ಮಿಲ್ ಅವರಂಥ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಈ ಲೆಕ್ಕವನ್ನು ಮೊದಲು ಓದಿದಾಗ ನನಗೆ ಹುಟ್ಟಿದ್ದು ಬೆರಗಲ್ಲ, ಕಿರಿಕಿರಿ. ಇದನ್ನು ಹೇಗೆ ಅಲ್ಲಗಳೆಯಲಿ ಎಂದೇ ಮನಸ್ಸು ಹುಡುಕಿತು. ನಾನು ಯಾವ ಅರ್ಧದಲ್ಲಿದ್ದೇನೆ ಎಂದು ಕೇಳಿಕೊಳ್ಳಲು ಬಹಳ ತಡವಾಯಿತು. ನನ್ನ ಮೈಯ ಪ್ರೋಟೀನಿನಲ್ಲಿರುವ ಸಾರಜನಕದ ದೊಡ್ಡ ಪಾಲು ಯಾವುದೋ ಕಾರ್ಖಾನೆಯ ಗೋಪುರದೊಳಗೆ ಹಾದು, ಚೀಲ ಸೇರಿ, ಅಪ್ಪನ ಕೈಯಿಂದ ಗದ್ದೆಗೆ ಬಿದ್ದು, ಜಯ ಅಕ್ಕಿಯ ಅನ್ನವಾಗಿ ಬಂದದ್ದು. ನಮ್ಮ ಸೀಮೆಯ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಗೊಬ್ಬರದ ಕಾರ್ಖಾನೆ ಇತ್ತು. ಮಂಗಳೂರಿನ ಪಣಂಬೂರಿನಲ್ಲಿ 1970ರ ದಶಕದಲ್ಲಿ ಯೂರಿಯಾ ತಯಾರಿಕೆ ಶುರುವಾಯಿತು. ದೂರದ ಜರ್ಮನಿಯ ಕಥೆ ಎಂದು ನಾನು ಹೇಳುತ್ತಿದ್ದದ್ದು ನಮ್ಮ ಮನೆಯ ಒಲೆಯ ಮೇಲೇ ಇತ್ತು.

ಇನ್ನೊಂದು ತೊಡಕು ಇದೆ. ನಾನು ಯೂರಿಯಾದ ಮೇಲೆ ಹೊರಿಸಿದ ದೂರುಗಳು ಹುರುಳಿಲ್ಲದವಲ್ಲ. ಗದ್ದೆಗೆ ಹಾಕಿದ ಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಭತ್ತಕ್ಕೆ ದಕ್ಕುತ್ತದೆ. ಮಿಕ್ಕದ್ದು ಗಾಳಿಗೆ, ಅಂತರ್ಜಲಕ್ಕೆ. ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇನ್ನೂರೈವತ್ತು ಪಟ್ಟಿಗೂ ಮಿಗಿಲು. ಯೂರಿಯಾ ಜಾಸ್ತಿಯಾದ ಗದ್ದೆಗೆ ಬೆಂಕಿ ರೋಗ ಬೇಗ ಹತ್ತುತ್ತದೆ. 45 ಕಿಲೋ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ, ಉಳಿದದ್ದು ಸರ್ಕಾರದ್ದು. ರಂಜಕ, ಪೊಟ್ಯಾಷ್ ಗೊಬ್ಬರಗಳು ದುಬಾರಿ, ಯೂರಿಯಾ ಅಗ್ಗ, ಹಾಗಾಗಿ ಅದನ್ನೇ ಸುರಿಯುತ್ತಾರೆ. ಇವೆಲ್ಲ ನಿಜ. ಆದರೆ ನಿಜ ಹೇಳುತ್ತಿದ್ದೇನೆ ಎಂಬ ಧೈರ್ಯದಲ್ಲೇ ನಾನು ಮಿಕ್ಕ ನಿಜಗಳನ್ನು ಬದಿಗೆ ಸರಿಸಿದೆ. ಹಿತಮಿತವಾಗಿ ಹಾಕಿ ಎಂದು ಹೇಳಬೇಕಾದಲ್ಲಿ ಬಿಟ್ಟುಬಿಡಿ ಎಂದೆ. ಹಿತಮಿತ ಎಂದರೆ ಚಪ್ಪಾಳೆ ಬೀಳುವುದಿಲ್ಲ.

ಊರಿನಲ್ಲಿ ಈಗ ಬೇಸಾಯ ಮಾಡುತ್ತಿರುವವನು ತಮ್ಮ. ನನ್ನ ಒಂದು ಲೇಖನ ಓದಿದ್ದವನು ನಾನು ಊರಿಗೆ ಹೋದಾಗ ಜಗಲಿಯ ಮೇಲೆ ಕೂತು, "ಅಣ್ಣ, ನೀನ್ ಬರ್ದಿದ್ದು ಓದ್ದೆ. ಚೆನ್ನಾಗೈತೆ," ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಯೂರಿಯಾ ಬಿಟ್ರೆ ಮೊದ್ಲೆರಡು ವರ್ಸ ಎಕ್ರೆಗೆ ಏಳೆಂಟು ಚೀಲನಾದ್ರೂ ಕಮ್ಮಿಯಾಗ್ತದೆ. ಅದ್ನ ಯಾರ್ ಕೊಡ್ತಾರೆ?"

"ಮಣ್ಣು ಸರಿಹೋದ್ಮೇಲೆ ಇಳುವರಿ ತಾನಾಗೇ ಬರುತ್ತೆ ಕಣೋ," ಎಂದೆ.

"ಬರೋಗಂಟ?"

ನನ್ನಲ್ಲಿ ಉತ್ತರವಿರಲಿಲ್ಲ. ತಿಪ್ಪೆ ಗೊಬ್ಬರ ಹೆಚ್ಚು ಹಾಕು ಎಂದೆ. "ದನ ಎಲ್ಲವೆ ಅಣ್ಣ, ಇರೋದು ಎರಡು ಸೀಮೆಹಸ. ಹೊರೋರು ಯಾರು?" ಎಂದ. ಹೊರೋರು ಯಾರು ಎಂಬ ಮಾತು ನನ್ನನ್ನು ಬಿಡಲಿಲ್ಲ. ತಿಪ್ಪೆ ಗೊಬ್ಬರದ ಕಾಲವನ್ನು ನಾನು ಬಹಳ ಅಕ್ಕರೆಯಿಂದ ಬರೆದಿದ್ದೇನೆ. ಆ ಗೊಬ್ಬರವನ್ನು ಹೊರುತ್ತಿದ್ದವಳು ಅವ್ವ. ಬೇಸಗೆಯಲ್ಲಿ ತಿಪ್ಪೆ ಅಗೆದು, ಮಂಕರಿ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಗಾಡಿ ಹೋಗದ ಗದ್ದೆಗಳಿಗೆ ನಡೆದುಕೊಂಡೇ ಹೊತ್ತು ಹಾಕುತ್ತಿದ್ದಳು. ಕೊಚ್ಚೆ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅಪ್ಪ ಯೂರಿಯಾ ಹೆಚ್ಚು ತರಲು ಶುರುಮಾಡಿದ ಮೇಲೆ ಅವ್ವನ ಹೊರೆ ಕಡಿಮೆಯಾಯಿತು. ಮಣ್ಣಿನ ಲೆಕ್ಕದಲ್ಲಿ ಅದು ನಷ್ಟವಿರಬಹುದು. ಅವಳ ಕುತ್ತಿಗೆಯ ಲೆಕ್ಕದಲ್ಲಿ ಏನು ಎಂದು ನಾನು ಅವಳಿರುವಾಗ ಕೇಳಲಿಲ್ಲ.

2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದಾಗ ನನಗೆ ಸಂಭ್ರಮವಾಗಿತ್ತು. ನೋಡಿ, ಒಂದು ದೇಶವೇ ಮಾಡಿ ತೋರಿಸುತ್ತಿದೆ ಎಂದು ಬರೆದೆ. ವಿದೇಶಿ ವಿನಿಮಯದ ಕೊರತೆಯೂ ಆ ತೀರ್ಮಾನದ ಹಿಂದೆ ಇತ್ತು ಎಂಬುದನ್ನು ಬರೆಯಲಿಲ್ಲ. ಭತ್ತದ ಇಳುವರಿ ಕುಸಿಯಿತು, ಚಹಾ ತೋಟಗಳು ಸೊರಗಿದವು, ರೈತರು ಬೀದಿಗಿಳಿದರು, ಅದೇ ವರ್ಷ ನವೆಂಬರಿನಲ್ಲಿ ನಿಷೇಧ ತೆಗೆದರು. ಸಾಕಷ್ಟು ಅಕ್ಕಿ ಬೆಳೆದುಕೊಳ್ಳುತ್ತಿದ್ದ ದೇಶ ಅಕ್ಕಿ ಆಮದು ಮಾಡಿಕೊಂಡಿತು. 2022ರಲ್ಲಿ ಭಾರತದಿಂದ 65,000 ಟನ್ ಯೂರಿಯಾ ಹೋಯಿತು. ನಾನು ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಜಾರಿಗೊಳಿಸಿದ ರೀತಿ ತಪ್ಪು, ತತ್ವ ಸರಿ ಎಂದು ಗೆಳೆಯರ ಹತ್ತಿರ ಹೇಳುತ್ತಿದ್ದೆ. ಆ ಮಾತಿನಲ್ಲಿ ಅರ್ಥವಿಲ್ಲ ಎಂದಲ್ಲ. ಒಂದೇ ಹಂಗಾಮಿನಲ್ಲಿ ಇಡೀ ದೇಶವನ್ನು ಬದಲಿಸಲು ಹೊರಟದ್ದು ನಿಜಕ್ಕೂ ಹುಚ್ಚುತನ. ಆದರೆ ನಾನು ಅದನ್ನು ಹೇಳಿದ್ದು ಆ ರೈತರ ಸಲುವಾಗಿ ಅಲ್ಲ, ನನ್ನ ಹಳೆಯ ಬರಹಗಳ ಸಲುವಾಗಿ.

ಹಾಗಾದರೆ ಈ ಎಲ್ಲ ವರ್ಷ ನಾನು ಏನು ಬಯಸಿದೆ? ಮಣ್ಣಿನ ಮೇಲಿನ ಕಾಳಜಿ ಇತ್ತು, ಅದನ್ನು ಸುಳ್ಳೆಂದು ಹೇಳಿಕೊಳ್ಳಲಾರೆ. ಅದರ ಜೊತೆಗೆ ಇನ್ನೇನೋ ಇತ್ತು. ಊರು ಬಿಟ್ಟು ಬಂದವನಿಗೆ ಊರು ತಾನು ಬಿಟ್ಟಾಗ ಇದ್ದಂತೆಯೇ ಇರಬೇಕೆಂಬ ಆಸೆ ಇರುತ್ತದೆ, ನನಗಂತೂ ಇದೆ. ಗದ್ದೆಯಲ್ಲಿ ದುಡಿಯದೇ ಗದ್ದೆಯ ಪರವಾಗಿ ಮಾತಾಡುವ ಹಕ್ಕು ಉಳಿಸಿಕೊಳ್ಳಲು ಈ ಹೋರಾಟ ಒಂದು ದಾರಿಯಾಗಿತ್ತು. ಯೂರಿಯಾವನ್ನು ಬೈದಾಗಲೆಲ್ಲ ನಾನು ಇನ್ನೂ ರೈತನ ಮಗ ಎಂದು ನನಗೇ ಅನ್ನಿಸುತ್ತಿತ್ತು. ಮತ್ತೆ, ಇದು ಹೇಳಲು ಇನ್ನೂ ಮುಜುಗರ, ನನ್ನ ತಟ್ಟೆಯ ಅನ್ನ ಶುದ್ಧವಾಗಿದೆ ಎಂಬ ಸಮಾಧಾನ. ನಾನು ಈಗ ತಿನ್ನುವುದು ಸಾವಯವ ರಾಜಮುಡಿ. ತಮ್ಮ ಮಾರುವ ಭತ್ತದ ಬೆಲೆಯ ಪಕ್ಕದಲ್ಲಿ ಅದರ ಬೆಲೆ ಇಟ್ಟು ನೋಡಲು ನಾಚಿಕೆಯಾಗುತ್ತದೆ. ಆ ಅಕ್ಕಿ ಬೆಳೆಯುವ ರೈತರು ನಿಜಕ್ಕೂ ಶ್ರಮಪಡುತ್ತಾರೆ, ಅವರಿಗೆ ಆ ಬೆಲೆ ಸಿಗಲೇಬೇಕು. ಆದರೆ ಆ ಬೆಲೆ ಕೊಡಲಾರದವರು ನ್ಯಾಯಬೆಲೆ ಅಂಗಡಿಯ ಅಕ್ಕಿ ತಿನ್ನುತ್ತಾರೆ. ಅದು ಬಹುಪಾಲು ಯೂರಿಯಾ ಗದ್ದೆಯದೇ. ಎಲ್ಲರೂ ಬಿಟ್ಟುಬಿಡಿ ಎಂದು ನಾನು ಹೇಳಿದಾಗ ಕೊರತೆ ಯಾರ ತಟ್ಟೆಗೆ ಮೊದಲು ಬರುತ್ತಿತ್ತು ಎಂಬುದನ್ನು ಯೋಚಿಸಿದ್ದೆನೇ ಎಂದು ಕೇಳಿಕೊಂಡರೆ, ಇಲ್ಲ.

ಈಗಲೂ ಹೇಬರ್ ಹೆಸರು ಬಂದರೆ ನಾಲಗೆ ಮೊದಲು ಕ್ಲೋರಿನ್ ಕಡೆಗೇ ಹೊರಳುತ್ತದೆ. ಹಳೆಯ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಪ್ರಯತ್ನಪಟ್ಟು ತಡೆದು ಬಾಷ್ ಕೊಳವೆಯನ್ನು, ಮಿಟ್ಟಾಶ್ ಕಬ್ಬಿಣವನ್ನು ನೆನಪಿಸಿಕೊಳ್ಳಬೇಕು. ಬದಲಾಗಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ಹೋದ ಸಲ ಊರಿಗೆ ಹೋದಾಗ ತಮ್ಮನೇ ಒಂದು ದಾರಿ ಹೇಳಿದ. "ನಾಲೆ ಮಗ್ಗುಲಿನ ಅರ್ಧ ಎಕ್ರೆ ಬಿಡ್ತೀನಿ. ಯೂರಿಯಾ ಮುಟ್ಟಲ್ಲ, ಸೆಣಬು ಬಿತ್ತಿ ಉಳ್ತೀನಿ, ನೀನ್ ಹೇಳ್ದಂಗೆ ಮಾಡ್ತೀನಿ. ಮೂರು ಬೆಳೆ ನೋಡಾನ. ಕಮ್ಮಿಯಾದ ಚೀಲದ ದುಡ್ಡು ಮಾತ್ರ ನೀನ್ ಕೊಡ್ಬೇಕು." ಅದರಲ್ಲಿ ಅನ್ಯಾಯದ ಮಾತೇನೂ ಇಲ್ಲ. ದುಡ್ಡೂ ನನಗೆ ಹೊರೆಯಾಗುವಷ್ಟಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಇಳುವರಿ ಬಾರದೇ ಹೋದರೆ ಅದನ್ನು ನಾನು ಬರೆಯಬೇಕಾಗುತ್ತದೆ, ಬಂದರೆ ಇಷ್ಟು ವರ್ಷ ಯಾಕೆ ಮಾಡಿ ನೋಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ನಾಲೆಗೆ ನೀರು ಬಿಡುವ ದಿನ ಹತ್ತಿರ ಬಂದಿದೆ. ಅವನು ಸೊಸೈಟಿಯಲ್ಲಿ ಪೂರ್ತಿ ಜಮೀನಿಗೆ ಆಗುವಷ್ಟು ಯೂರಿಯಾಕ್ಕೆ ಹೆಸರು ಬರೆಸಿದ್ದಾನೆ. ನಾನು ಇನ್ನೂ ಫೋನು ಮಾಡಿಲ್ಲ.